ಉಬ್ಬಿದ ಪವರ್ ಬ್ಯಾಂಕ್: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ನನ್ನದೊಂದು ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ ಇದೆ. ಬೇಸಿಗೆ ಬಂತೆಂದರೆ ಹೊಟ್ಟೆ ಉಬ್ಬಿದ ಪವರ್ ಬ್ಯಾಂಕ್‌ಗಳು ಕೌಂಟರ್‌ಗೆ ಬರುತ್ತಲೇ ಇರುತ್ತವೆ. ಕೆಲವರು ಜೇಬಿನಿಂದ ತೆಗೆದು ಕೊಡುತ್ತಾರೆ. ಕೆಲವರು ಮಕ್ಕಳ ಕೈಯಲ್ಲಿ ಕಳಿಸುತ್ತಾರೆ! ಅಂಗಡಿಯಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಜನ ಕೇಳಿದ್ದನ್ನೆಲ್ಲ ಅವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ನಿಮ್ಮ ಕೈಯಲ್ಲಿ ಈಗಲೇ ಉಬ್ಬಿದ್ದು ಇದ್ದರೆ ನೇರವಾಗಿ ಎರಡನೇ ಭಾಗಕ್ಕೆ ಹೋಗಿ.

## ಮೊದಲು ತಿಳಿಯಬೇಕಾದದ್ದು

ಸ್ವಲ್ಪ ಉಬ್ಬಿದೆ ಅಷ್ಟೆ, ಚಾರ್ಜ್ ಚೆನ್ನಾಗೇ ಆಗ್ತಿದೆ. ಇನ್ನೊಂದಷ್ಟು ದಿನ ಬಳಸಬಹುದಾ?

ಬೇಡ. ಒಂದು ದಿನವೂ ಬೇಡ. ಅತಿ ಹೆಚ್ಚು ಬರುವ ಪ್ರಶ್ನೆ ಇದು, ಅತಿ ಹೆಚ್ಚು ಅಪಾಯ ತರುವ ಯೋಚನೆಯೂ ಇದೇ. ಚಾರ್ಜ್ ಆಗುತ್ತಿದೆ ಅಂದರೆ ಸೆಲ್‌ನಲ್ಲಿ, ಅಂದರೆ ಒಳಗಿನ ಬ್ಯಾಟರಿಯಲ್ಲಿ, ಇನ್ನೂ ಕರೆಂಟ್ ಇದೆ ಅಂತ ಅಷ್ಟೇ ಅರ್ಥ. ಒಳಗಿನ ಪದರಗಳು ಸರಿಯಾಗಿವೆ ಅಂತ ಅಲ್ಲ. ಉಬ್ಬಿದ ಸೆಲ್‌ಗೆ ಚಾರ್ಜ್ ತುಂಬಿದಷ್ಟೂ, ಕೆಟ್ಟರೆ ಹೊರಬೀಳುವ ಶಕ್ತಿಯನ್ನೇ ತುಂಬಿದ ಹಾಗೆ. "ಸ್ವಲ್ಪ" ಉಬ್ಬಿದೆ, "ಜಾಸ್ತಿ" ಉಬ್ಬಿದೆ ಅನ್ನುವ ಲೆಕ್ಕ ಇಲ್ಲಿಲ್ಲ.

ಉಬ್ಬಿದೆಯೋ ಇಲ್ಲವೋ ಗೊತ್ತಾಗೋದು ಹೇಗೆ? ನಂದು ಮೊದಲಿಂದಲೂ ದಪ್ಪಗೇ ಇತ್ತು.

ಸಮತಟ್ಟಾದ ಮೇಜಿನ ಮೇಲಿಟ್ಟು ಒಂದು ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಬುಗುರಿಯಂತೆ ತಿರುಗಿದರೆ ಅಥವಾ ಅಲ್ಲಾಡಿದರೆ ತಳ ಉಬ್ಬಿದೆ. ಸ್ಕೇಲ್ ಅಡ್ಡ ಇಟ್ಟು ನೋಡಿದರೂ ತಿಳಿಯುತ್ತದೆ. ಪಕ್ಕದ ಜೋಡಣೆ ಬಾಯಿ ಬಿಟ್ಟಿದೆಯಾ, ಬಟನ್ ಸಿಕ್ಕಿಹಾಕಿಕೊಂಡಿದೆಯಾ, ಕೇಬಲ್ ಮೊದಲಿನಂತೆ ಸಲೀಸಾಗಿ ಹೋಗುತ್ತದೆಯಾ ನೋಡಿ. ಗಟ್ಟಿ ಲೋಹದ ಕವಚ ಇರುವ ಮಾದರಿಗಳಲ್ಲಿ ಉಬ್ಬು ಹೊರಗೆ ಕಾಣದೇ ಇರಬಹುದು. ಅಲ್ಲಿ ವಾಸನೆಯೂ ಒಂದು ಸೂಚನೆ. ಉಗುರುಬಣ್ಣ ತೆಗೆಯುವ ದ್ರವದಂತೆ, ಸ್ವಲ್ಪ ಸಿಹಿಯಾದ ಘಾಟು ಬಂದರೆ ಒಳಗಿನ ದ್ರವ ಸೋರುತ್ತಿದೆ ಅಂತ ತಿಳಿಯಿರಿ. ಅದನ್ನು ಮೂಗಿಗೆ ಹಿಡಿದು ಮತ್ತೆ ಮತ್ತೆ ನೋಡಬೇಡಿ.

ಒಳಗೆ ತುಂಬಿಕೊಳ್ಳೋದು ಏನು? ಗಾಳಿನಾ?

ಗಾಳಿ ಅಲ್ಲ, ಬ್ಯಾಟರಿಯೇ ಹುಟ್ಟಿಸಿದ ಅನಿಲ. ಚಪ್ಪಟೆ ಪವರ್ ಬ್ಯಾಂಕ್‌ಗಳಲ್ಲಿ ಸೆಲ್ ಇರುವುದು ಹಾಲಿನ ಪ್ಯಾಕೆಟ್‌ನಂಥ ಚೀಲದಲ್ಲಿ. ಆ ಚೀಲ ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ ಪದರಗಳದ್ದು. ಅದರೊಳಗೆ ತಾಮ್ರದ ಹಾಳೆಯ ಮೇಲೆ ಗ್ರಾಫೈಟ್, ಅಲ್ಯೂಮಿನಿಯಂ ಹಾಳೆಯ ಮೇಲೆ ಲಿಥಿಯಂ ಇರುವ ಆಕ್ಸೈಡ್ ಬಳಿದಿರುತ್ತಾರೆ. ನಡುವೆ ಒಂದು ಪ್ಲಾಸ್ಟಿಕ್ ಪರದೆ ಇರುತ್ತದೆ, ಕೂದಲೆಳೆಗಿಂತ ತೆಳು. ಇದೆಲ್ಲ ನೆನೆದಿರುವುದು ಬೇಗ ಹೊತ್ತಿಕೊಳ್ಳುವ ಒಂದು ದ್ರವದಲ್ಲಿ. ಬಿಸಿಲು, ಅತಿಯಾದ ಚಾರ್ಜ್, ಪೆಟ್ಟು, ತಯಾರಿಕೆಯ ದೋಷ, ವಯಸ್ಸು, ಯಾವುದರಿಂದಲಾದರೂ ಆ ದ್ರವ ಒಡೆಯುತ್ತದೆ. ಆಗ ಇಂಗಾಲದ ಡೈಆಕ್ಸೈಡ್, ಇಂಗಾಲದ ಮಾನಾಕ್ಸೈಡ್, ಹೈಡ್ರೋಜನ್, ಎಥಿಲೀನ್‌ನಂಥ ಅನಿಲಗಳು ಹುಟ್ಟುತ್ತವೆ. ಚೀಲ ಮುಚ್ಚಿದೆ, ಹೋಗಲು ದಾರಿ ಇಲ್ಲ, ಹಾಗಾಗಿ ಬಾತುಕೊಳ್ಳುತ್ತದೆ. ಇವುಗಳಲ್ಲಿ ಹಲವು ಉರಿಯುವ ಅನಿಲಗಳು ಅನ್ನುವುದನ್ನು ನೆನಪಿಡಿ.

ಉಬ್ಬಿದ್ದೆಲ್ಲ ಸ್ಫೋಟ ಆಗುತ್ತಾ?

ಇಲ್ಲ. ಉಬ್ಬಿದ ಬಹಳಷ್ಟು ಸೆಲ್‌ಗಳು ಸುಮ್ನೆ ಬಿದ್ದಿರುತ್ತವೆ. ಜನರಿಗೆ ಧೈರ್ಯ ಬರುವುದೂ ಇದರಿಂದಲೇ. ಆದರೆ ಯಾವುದು ಸುಮ್ಮನಿರುತ್ತದೆ, ಯಾವುದು ಹೊತ್ತಿಕೊಳ್ಳುತ್ತದೆ ಅಂತ ಹೊರಗಿನಿಂದ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ.

ಹೊತ್ತಿಕೊಳ್ಳುವ ಬಗೆ ಹೀಗೆ. ಒಳಗೆ ಎಲ್ಲೋ ಎರಡು ಪದರ ತಾಗಿ ಶಾರ್ಟ್ ಆಗುತ್ತದೆ, ಆ ಜಾಗ ಬಿಸಿಯಾಗುತ್ತದೆ. ಸುಮಾರು 130 ಡಿಗ್ರಿ ಹೊತ್ತಿಗೆ ನಡುವಿನ ಪರದೆ ಕರಗಲು ಶುರುವಾಗುತ್ತದೆ. ಪರದೆ ಹೋದರೆ ಇನ್ನಷ್ಟು ಜಾಗ ತಾಗುತ್ತದೆ, ಇನ್ನಷ್ಟು ಬಿಸಿ. ಒಂದು ಹಂತ ದಾಟಿದ ಮೇಲೆ ಆ ಬಿಸಿ ತನ್ನನ್ನು ತಾನೇ ಏರಿಸಿಕೊಳ್ಳುತ್ತಾ ಹೋಗುತ್ತದೆ. ಪ್ಲಗ್ ಕಿತ್ತರೂ ನಿಲ್ಲುವುದಿಲ್ಲ. ಕೆಲವೇ ಸೆಕೆಂಡಿನಲ್ಲಿ ಹೊಗೆ, ಆಮೇಲೆ ಜ್ವಾಲೆ. ಒಂದು ಸೆಲ್ ಹೊತ್ತಿದರೆ ಪಕ್ಕದ್ದೂ ಹೊತ್ತುತ್ತದೆ.

ಚಾರ್ಜ್ ಮಾಡುವಾಗ ಬಿಸಿ ಆಗೋದು ಸಹಜ ಅಲ್ವಾ?

ಬೆಚ್ಚಗಾಗುವುದು ಸಹಜ. ಫಾಸ್ಟ್ ಚಾರ್ಜಿಂಗ್‌ನಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಆದರೆ ಕೈಯಲ್ಲಿ ಆರಾಮಾಗಿ ಹಿಡಿದುಕೊಳ್ಳಲು ಆಗದಷ್ಟು ಸುಟ್ಟರೆ, ಒಂದೇ ಮೂಲೆ ಮಾತ್ರ ಬಿಸಿಯಾದರೆ, ಅಥವಾ ಏನೂ ಸಿಕ್ಕಿಸದೆ ಇಟ್ಟಾಗಲೂ ಬಿಸಿಯಾದರೆ ಅದು ಸಹಜ ಅಲ್ಲ. ಕೊನೆಯದು ತುಂಬಾ ಕೆಟ್ಟ ಸೂಚನೆ. ಒಳಗೇ ಎಲ್ಲೋ ಕರೆಂಟ್ ಹರಿಯುತ್ತಿದೆ ಅಂತ ಅರ್ಥ.

## ಈಗಲೇ ಮಾಡಬೇಕಾದದ್ದು

ಈಗಷ್ಟೇ ನೋಡಿದೆ, ಬಾತುಕೊಂಡಿದೆ. ಏನು ಮಾಡಲಿ?

ಚಾರ್ಜ್ ಆಗುತ್ತಿದ್ದರೆ ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ, ಆಮೇಲೆ ಕೇಬಲ್ ಬಿಡಿಸಿ. ಹೊಗೆ, ಸಿಳ್ಳಿನಂಥ ಸದ್ದು, ಸುಡುವ ಬಿಸಿ ಇದ್ದರೆ ಮುಟ್ಟಲೇಬೇಡಿ. ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ.

ತಣ್ಣಗಿದ್ದರೆ ಒತ್ತದೆ, ಬಗ್ಗಿಸದೆ, ಎರಡು ಕೈಯಲ್ಲಿ ಮೆಲ್ಲಗೆ ಎತ್ತಿ. ಒಳಗೆ ಉಳಿದ ಚಾರ್ಜ್ ಖಾಲಿ ಮಾಡೋಣ ಅಂತ ಫೋನಿಗೆ ಸಿಕ್ಕಿಸಬೇಡಿ. ಒಂದು ಮಣ್ಣಿನ ಮಡಕೆ ಅಥವಾ ಹಳೇ ಕಬ್ಬಿಣದ ಬಾಂಡ್ಲಿ ತೆಗೆದುಕೊಳ್ಳಿ. ತಳಕ್ಕೆ ಒಣ ಮರಳು ಹಾಕಿ, ಅದರ ಮೇಲೆ ಪವರ್ ಬ್ಯಾಂಕ್ ಇಟ್ಟು, ಮೇಲೂ ಮರಳು ಹಾಕಿ. ಮರಳು ಒದ್ದೆ ಇರಬಾರದು. ಮುಚ್ಚಬೇಕೆನಿಸಿದರೆ ಒಂದು ಹೆಂಚನ್ನು ಸಡಿಲವಾಗಿ ಇಡಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬ ಬೇಡವೇ ಬೇಡ. ಅನಿಲ ಹೊರಹೋಗಲು ದಾರಿ ಇಲ್ಲದಿದ್ದರೆ ಡಬ್ಬವೇ ಸಿಡಿಯುತ್ತದೆ.

ಅದನ್ನು ಬಿಸಿಲು, ಮಳೆ ಬೀಳದ ಕಡೆ ಮನೆಯ ಹೊರಗೆ ಸಿಮೆಂಟ್ ನೆಲದ ಮೇಲಿಡಿ. ಗ್ಯಾಸ್ ಸಿಲಿಂಡರ್, ಸ್ಕೂಟರ್, ಒಣಹಾಕಿದ ಬಟ್ಟೆ ಹತ್ತಿರ ಇರಬಾರದು. ಮಕ್ಕಳಿಗೆ ಹೇಳಿ ಇಡಿ. ಹೊರಗೆ ಹೋಗುವ ಬಾಗಿಲಿಗೆ ಅಡ್ಡವಾಗಿ ಮಾತ್ರ ಇಡಬೇಡಿ. ಫ್ಲಾಟ್‌ನಲ್ಲಿರುವವರು ಇದೊಂದನ್ನು ಮರೆಯುತ್ತಾರೆ. ಮೆಟ್ಟಿಲ ಕೆಳಗೆ ಇಟ್ಟುಬಿಡುತ್ತಾರೆ, ಆದರೆ ಬೆಂಕಿ ಬಿದ್ದರೆ ಎಲ್ಲರೂ ಓಡಬೇಕಾದ ದಾರಿ ಅದೇ.

ಸೂಜಿಯಿಂದ ಚುಚ್ಚಿ ಗಾಳಿ ತೆಗೆದ್ರೆ ಮೊದಲಿನ ಥರ ಆಗುತ್ತೆ ಅಂತ ವಿಡಿಯೋದಲ್ಲಿ ತೋರಿಸಿದ್ದರು. ನಿಜಾನಾ?

ದಯವಿಟ್ಟು ಮಾಡಬೇಡಿ. ಸೂಜಿ ಚೀಲದ ಜೊತೆ ಪದರಗಳನ್ನೂ ದಾಟುತ್ತದೆ. ಬೇರೆ ಬೇರೆ ಇರಬೇಕಾದ ಎರಡು ಹಾಳೆಗಳನ್ನು ಲೋಹದಿಂದ ಜೋಡಿಸಿದ ಹಾಗಾಗುತ್ತದೆ. ಶಾರ್ಟ್ ಅಲ್ಲಿಯೇ, ನಿಮ್ಮ ಮುಖದ ಮುಂದೆಯೇ ಆಗುತ್ತದೆ. ಹಾಗಾಗದೆ ಉಳಿದರೂ ಒಳಗಿನ ಲಿಥಿಯಂ ಲವಣಕ್ಕೆ ಹೊರಗಿನ ತೇವ ತಾಗುತ್ತದೆ. ಆಗ ಹೈಡ್ರೋಜನ್ ಫ್ಲೋರೈಡ್ ಅನ್ನುವ ವಿಷ ಅನಿಲ ಹುಟ್ಟುತ್ತದೆ. ಅದು ಕಣ್ಣು, ಚರ್ಮ, ಶ್ವಾಸಕೋಶ ಮೂರನ್ನೂ ಸುಡುತ್ತದೆ. ಅನಿಲ ಹೋದ ಮಾತ್ರಕ್ಕೆ ಒಡೆದ ದ್ರವ ಮತ್ತೆ ಕೂಡುವುದಿಲ್ಲ. ಚಪ್ಪಟೆಯಾಗಿ ಕಂಡರೂ ಕೆಟ್ಟ ಬ್ಯಾಟರಿ ಕೆಟ್ಟದ್ದೇ.

ಫ್ರಿಜ್‌ನಲ್ಲಿಟ್ಟರೆ ಇಳಿಯುತ್ತಂತೆ? ಉಪ್ಪುನೀರಲ್ಲಿ ಮುಳುಗಿಸಿದರೆ ಚಾರ್ಜ್ ಹೋಗುತ್ತಂತೆ?

ತಂಪಿಗೆ ಅನಿಲ ಸ್ವಲ್ಪ ಕುಗ್ಗಬಹುದು, ಹೊರಗೆ ತೆಗೆದರೆ ಮತ್ತೆ ಅಷ್ಟೇ. ಜೊತೆಗೆ ಊಟದ ಪದಾರ್ಥ ಇರುವ ಮುಚ್ಚಿದ ಪೆಟ್ಟಿಗೆಯೊಳಗೆ ಅದನ್ನು ಇಟ್ಟಂತಾಯಿತು. ಉಪ್ಪುನೀರಿನ ವಿಧಾನವನ್ನೂ ನಾನು ಮನೆಯವರಿಗೆ ಹೇಳುವುದಿಲ್ಲ. ಸೆಲ್‌ನ ತುದಿಗಳು ತುಕ್ಕು ಹಿಡಿದು ಕಳಚುತ್ತವೆ. ಒಳಗೆ ಚಾರ್ಜ್ ಉಳಿದಿದ್ದರೂ ಹೊರಗಿನಿಂದ ಖಾಲಿ ಅನ್ನಿಸುತ್ತದೆ. ನೀರಿನಲ್ಲಿ ಹೈಡ್ರೋಜನ್ ಬೇರೆ ಹುಟ್ಟುತ್ತದೆ.

ಮೇಲಿಂದ ಬಿತ್ತು. ಹೊರಗೆ ಒಂದು ಗೆರೆ ಬಿಟ್ಟರೆ ಏನೂ ಆಗಿಲ್ಲ. ಪರವಾಗಿಲ್ವಾ?

ಎರಡು ದಿನ ಚಾರ್ಜ್ ಮಾಡದೆ ಹೊರಗೆ ಇಟ್ಟು ನೋಡಿ. ಪೆಟ್ಟು ಬಿದ್ದ ಸೆಲ್ ತಕ್ಷಣವೇ ಕೆಡಬೇಕೆಂದಿಲ್ಲ, ಗಂಟೆಗಳ ನಂತರವೂ ಬಿಸಿಯಾಗಬಹುದು. ಮೂಲೆ ತಗ್ಗಾಗಿದ್ದರೆ, ಕವಚ ಬಿರುಕು ಬಿಟ್ಟಿದ್ದರೆ, ಅಲ್ಲಾಡಿಸಿದಾಗ ಒಳಗೆ ಸದ್ದು ಬಂದರೆ ನೋಡುವುದೂ ಬೇಡ, ತೆಗೆದುಬಿಡಿ.

ಮಳೆಯಲ್ಲಿ ನೆನೆದಿದೆ. ಅಕ್ಕಿ ಡಬ್ಬದಲ್ಲಿ ಇಡಲಾ?

ಅಕ್ಕಿಗೆ ಅಂಥ ಶಕ್ತಿಯೇನೂ ಇಲ್ಲ. ಹೊರಗಿನ ನೀರು ಒಣಗುತ್ತದೆ, ಅದು ತಟ್ಟೆಯಲ್ಲಿಟ್ಟರೂ ಒಣಗುತ್ತಿತ್ತು. ಒಳಗಿನ ಸರ್ಕ್ಯೂಟ್ ಬೋರ್ಡ್ ಮೇಲೆ ಕೊಳೆ, ಲವಣ ಉಳಿದು ನಿಧಾನವಾಗಿ ತುಕ್ಕು ಹಿಡಿಯುತ್ತದೆ. ಅತಿಯಾದ ಚಾರ್ಜ್ ತಡೆಯುವುದು ಆ ಬೋರ್ಡೇ. ಮೇಲೆ ನಾಲ್ಕು ಹನಿ ಬಿದ್ದಿದ್ದರೆ ಒರೆಸಿ ಬಳಸಿ. ಪೋರ್ಟ್ ಒಳಗೆ ನೀರು ಹೋಗಿದ್ದರೆ ಅಥವಾ ಮುಳುಗಿದ್ದರೆ ಅದನ್ನು ಬಿಟ್ಟುಬಿಡಿ. ಆ ಅಕ್ಕಿಯನ್ನು ಅಡುಗೆಗೂ ಬಳಸಬೇಡಿ.

ಹೊಗೆ ಬಂದರೆ ನೀರು ಹಾಕಬಹುದಾ? ಲಿಥಿಯಂಗೆ ನೀರು ಹಾಕಬಾರದು ಅಂತ ಶಾಲೆಯಲ್ಲಿ ಓದಿದ್ದೆ.

ಶಾಲೆಯಲ್ಲಿ ಓದಿದ್ದು ಶುದ್ಧ ಲಿಥಿಯಂ ಲೋಹದ ವಿಷಯ. ಪವರ್ ಬ್ಯಾಂಕ್‌ನಲ್ಲಿರುವುದು ಲಿಥಿಯಂ ಅಯಾನ್ ಸೆಲ್. ಅದರ ಬೆಂಕಿಗೆ ಬೇಕಾದ್ದು ತಂಪು, ತಂಪು ಕೊಡುವುದು ನೀರು. ವಿಮಾನದ ಸಿಬ್ಬಂದಿಗೂ ಇದನ್ನೇ ಕಲಿಸುತ್ತಾರೆ: ಮೊದಲು ಜ್ವಾಲೆ ಆರಿಸಿ, ಆಮೇಲೆ ನೀರು ಸುರಿದು ತಂಪು ಮಾಡುತ್ತಲೇ ಇರಿ. ಒಣ ಪುಡಿಯ ಅಗ್ನಿಶಾಮಕ ಜ್ವಾಲೆಯನ್ನು ತಗ್ಗಿಸುತ್ತದೆ, ಒಳಗಿನ ಬಿಸಿಯನ್ನು ತಗ್ಗಿಸುವುದಿಲ್ಲ.

ಆದರೆ ಕ್ರಮ ಮುಖ್ಯ. ಗೋಡೆಯ ಪ್ಲಗ್‌ಗೆ ಸಿಕ್ಕಿಸಿದ್ದರೆ ಮೊದಲು ಮೇನ್ ಆಫ್ ಆಗಬೇಕು, ಆಮೇಲೆ ನೀರು. ಬೆಂಕಿ ಚಿಕ್ಕದಿದ್ದು, ನಿಮ್ಮ ಬೆನ್ನಹಿಂದೆ ಹೊರಹೋಗುವ ಬಾಗಿಲು ಇದ್ದರೆ ಮಾತ್ರ ದೂರದಿಂದ ಬಕೆಟ್ ನೀರು ಸುರಿಯಿರಿ. ಹಾಸಿಗೆ, ಪರದೆಗೆ ಹಬ್ಬಿದ್ದರೆ ಅಥವಾ ಕೋಣೆಯಲ್ಲಿ ಹೊಗೆ ತುಂಬಿದ್ದರೆ ಬಾಗಿಲು ಎಳೆದುಕೊಂಡು ಹೊರಗೆ ಬನ್ನಿ. 112 ಅಥವಾ 101ಕ್ಕೆ ಕರೆ ಮಾಡಿ, ಬ್ಯಾಟರಿ ಬೆಂಕಿ ಅಂತ ಹೇಳಿ. ಆ ಹೊಗೆ ವಿಷ. ಒದ್ದೆ ಬಟ್ಟೆ ಮೂಗಿಗೆ ಕಟ್ಟಿಕೊಂಡರೆ ಸಾಲದು. ಆರಿದ ಮೇಲೂ ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳಬಹುದು, ಹಾಗಾಗಿ ಒಳಗೆ ತರಬೇಡಿ.

## ಸಾಗಿಸುವುದು, ಕೊಳ್ಳುವುದು

ಕಸದ ಗಾಡಿಗೆ ಒಣಕಸದ ಜೊತೆ ಕೊಟ್ಟರೆ ಮುಗೀತಲ್ವಾ?

ನಿಮ್ಮ ಮನೆಯಲ್ಲಿ ಮುಗಿಯುತ್ತದೆ, ಪೌರಕಾರ್ಮಿಕರ ಕೈಯಲ್ಲಿ ಶುರುವಾಗುತ್ತದೆ. ಟಿಪ್ಪರ್‌ನಿಂದ ಕಾಂಪ್ಯಾಕ್ಟರ್‌ಗೆ ಹೋದ ಕಸವನ್ನು ಯಂತ್ರ ಅದುಮುತ್ತದೆ. ಸುತ್ತಲೂ ಕಾಗದ, ಪ್ಲಾಸ್ಟಿಕ್. ಅಲ್ಲಿ ಒಂದು ಸೆಲ್ ಜಜ್ಜಿದರೆ ಸಾಕು. ಗುಜರಿ ಅಂಗಡಿಯಲ್ಲೂ ಅಷ್ಟೆ. ತಾಮ್ರ ತೆಗೆಯಲು ಸುತ್ತಿಗೆಯಿಂದ ಒಡೆಯುವವರು ಹಲವು ಕಡೆ ಚಿಕ್ಕ ವಯಸ್ಸಿನವರು. ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆ ಬ್ಯಾಟರಿಯನ್ನು ಮನೆಕಸದಿಂದ ಬೇರೆ ಇಡುವುದು ಬಳಸುವವರ ಹೊಣೆ. ವಾಪಸ್ ಪಡೆದು ಮರುಬಳಕೆಗೆ ಕಳಿಸುವುದು ತಯಾರಕರ ಹೊಣೆ. ಹಾಗಾಗಿ ಮೊದಲು ಕಂಪನಿಯ ಸರ್ವಿಸ್ ಸೆಂಟರ್ ಕೇಳಿ. ಇಲ್ಲವಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ-ತ್ಯಾಜ್ಯ ಅಥವಾ ಬ್ಯಾಟರಿ ಮರುಬಳಕೆ ಘಟಕಕ್ಕೆ ಫೋನ್ ಮಾಡಿ. "ಉಬ್ಬಿದ ಬ್ಯಾಟರಿ" ಅಂತ ಮೊದಲೇ ಹೇಳಿ, ಅವರೂ ಅದಕ್ಕೆ ತಕ್ಕಂತೆ ತಯಾರಾಗುತ್ತಾರೆ. ಮಾಲ್‌ನಲ್ಲೋ ಆಫೀಸಿನಲ್ಲೋ ಇರುವ ಇ-ತ್ಯಾಜ್ಯದ ಪೆಟ್ಟಿಗೆಗೆ ಹೇಳದೆ ಹಾಕಿ ಬರಬೇಡಿ. ಒಯ್ಯುವಾಗ ಮರಳಿನ ಪಾತ್ರೆಯಲ್ಲೇ ಒಯ್ಯಿರಿ. ಸ್ಕೂಟರ್ ಡಿಕ್ಕಿ ಬೇಡ, ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್ ಇರುತ್ತದೆ.

ವಾರಂಟಿ ಇದೆ. ಕೊರಿಯರ್‌ನಲ್ಲಿ ವಾಪಸ್ ಕಳಿಸಲಾ?

ಬೇಡ. ಕೆಟ್ಟ ಅಥವಾ ದೋಷ ಇರುವ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಸಾಗಿಸುವುದು ಅಂತಾರಾಷ್ಟ್ರೀಯ ನಿಯಮಗಳ ಪ್ರಕಾರ ನಿಷೇಧ. ಪೊಟ್ಟಣ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ನಿಮಗೆ ತಿಳಿಯುವುದಿಲ್ಲ. ಫೋಟೋ, ಬಿಲ್, ಸೀರಿಯಲ್ ನಂಬರ್ ಕಳಿಸಿ ಬದಲಿ ಕೇಳಿ. ಪಕ್ಕದಿಂದ ತೆಗೆದ ಫೋಟೋದಲ್ಲಿ ಉಬ್ಬು ಚೆನ್ನಾಗಿ ಕಾಣುತ್ತದೆ.

ಹೊಸದು ಕೊಳ್ಳುವಾಗ ಏನು ನೋಡಬೇಕು?

ಭಾರತದಲ್ಲಿ ಮಾರುವ ಪವರ್ ಬ್ಯಾಂಕ್‌ಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಲೇಬಲ್ ಮೇಲೆ ಬಿಐಎಸ್ ಗುರುತು, ಐಎಸ್ 13252ರಂಥ ಮಾನದಂಡದ ಸಂಖ್ಯೆ, ಆರ್ ಅಕ್ಷರದ ಮುಂದೆ ಎಂಟು ಅಂಕಿ ಇರಬೇಕು. ಒಳಗಿನ ಸೆಲ್‌ಗೆ ಐಎಸ್ 16046 ಅನ್ನುವ ಬೇರೆ ಮಾನದಂಡ ಇದೆ. ಗುರುತು ಕಂಡರೆ ಸಾಲದು, ಅದನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಬಿಐಎಸ್ ಕೇರ್ ಅನ್ನುವ ಸರ್ಕಾರಿ ಆ್ಯಪ್‌ನಲ್ಲಿ ಆ ಆರ್ ನಂಬರ್ ಹಾಕಿ. ತಯಾರಕರ ಹೆಸರು, ಯಾವ ವಸ್ತು ಅನ್ನುವುದು ಬರುತ್ತದೆ. ಲೇಬಲ್‌ಗೂ ಅದಕ್ಕೂ ಹೊಂದದಿದ್ದರೆ ಕೊಳ್ಳಬೇಡಿ. ಇದಕ್ಕೆ ಒಂದು ನಿಮಿಷ ಸಾಕು, ಅಂಗಡಿಯಲ್ಲಿ ನಿಂತೇ ಮಾಡಿ.

ಬೆಲೆ, ಗಾತ್ರ ಎರಡೂ ಕಡಿಮೆ ಇದ್ದು ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಮಾತ್ರ ವಿಪರೀತ ಬರೆದಿದ್ದರೆ ನಂಬಬೇಡಿ. ಇನ್ನೊಂದು ಮಾತು: 10000 ಎಂಎಎಚ್ ಪವರ್ ಬ್ಯಾಂಕ್ 5 ವೋಲ್ಟ್‌ನಲ್ಲಿ ಕೊಡುವುದು ಸುಮಾರು 6000 ಎಂಎಎಚ್ ಮಾತ್ರ. ಸೆಲ್‌ನ 3.7 ವೋಲ್ಟನ್ನು ಏರಿಸುವಾಗ ಅಂಕಿ ಇಳಿಯುತ್ತದೆ, ಅದು ಮೋಸ ಅಲ್ಲ.

ದೊಡ್ಡ ಬ್ರ್ಯಾಂಡ್ ತಗೊಂಡ್ರೆ ಭಯ ಇಲ್ಲ ಅಲ್ವಾ?

ಭಯ ಕಡಿಮೆ, ಇಲ್ಲವೇ ಇಲ್ಲ ಅಂತ ಅಲ್ಲ. 2025ರ ಜೂನ್‌ನಲ್ಲಿ ಆಂಕರ್ ಕಂಪನಿ ಅಮೆರಿಕದಲ್ಲಿ ಪವರ್‌ಕೋರ್ 10000 ಅನ್ನುವ ಎ1263 ಮಾದರಿಯ 11 ಲಕ್ಷಕ್ಕೂ ಹೆಚ್ಚು ಪವರ್ ಬ್ಯಾಂಕ್‌ಗಳನ್ನು ವಾಪಸ್ ಕರೆಯಿತು. ಅದೇ ವರ್ಷ ಚೀನಾದಲ್ಲಿ ರೋಮಾಸ್, ಶಿಯೋಮಿ ಕಂಪನಿಗಳೂ ಕೆಲವು ಮಾದರಿಗಳನ್ನು ವಾಪಸ್ ಪಡೆದವು. ಒಳ್ಳೆಯ ಕಂಪನಿಯಿಂದ ಕೊಂಡರೆ ಒಂದು ಲಾಭ ಇದೆ. ದೋಷ ಸಿಕ್ಕಾಗ ಯಾವ ಮಾದರಿ, ಯಾವ ಸೀರಿಯಲ್ ಅಂತ ಹೇಳಲು ಯಾರಾದರೂ ಇರುತ್ತಾರೆ. ಹೆಸರೇ ಇಲ್ಲದ ಮಾಲಿಗೆ ಅದೂ ಇಲ್ಲ. ನಿಮ್ಮ ಪವರ್ ಬ್ಯಾಂಕ್‌ನ ಮಾದರಿ ಸಂಖ್ಯೆಯನ್ನು ವರ್ಷಕ್ಕೊಮ್ಮೆಯಾದರೂ ಕಂಪನಿಯ ತಾಣದಲ್ಲಿ ನೋಡಿ. ಹೊರಗಿನಿಂದ ಉಬ್ಬದೆಯೂ ದೋಷ ಇರಬಹುದು.

## ಇನ್ನೂ ಸ್ವಲ್ಪ ಆಳಕ್ಕೆ

ವರ್ಷದಿಂದ ಮುಟ್ಟೇ ಇಲ್ಲ, ಬೀರುವಿನಲ್ಲಿ ಇತ್ತು. ಬಳಸದೇ ಇದ್ದದ್ದು ಹೇಗೆ ಉಬ್ಬಿತು?

ಇದು ನಮ್ಮ ಮನೆಯಲ್ಲೇ ಆಗಿದೆ. ನನ್ನ ತಂಗಿ ಪೂರ್ತಿ ಚಾರ್ಜ್ ಮಾಡಿದ ಪವರ್ ಬ್ಯಾಂಕನ್ನು ರೇಷ್ಮೆ ಸೀರೆಗಳ ನಡುವೆ ಜೋಪಾನವಾಗಿ ಇಟ್ಟಿದ್ದಳು. ಯುಗಾದಿಗೆ ಸೀರೆ ತೆಗೆಯಲು ಹೋದರೆ ಡ್ರಾಯರ್ ಸಿಕ್ಕಿಹಾಕಿಕೊಂಡಿತ್ತು. ಎಳೆದು ನೋಡಿದರೆ ಅದು ಇಡ್ಲಿಯಂತೆ ಉಬ್ಬಿ ಕೂತಿದೆ. ಎರಡು ಬೇಸಿಗೆ ಅದು ಆ ಬಟ್ಟೆಗಳ ನಡುವೆ ಇತ್ತು ಅನ್ನುವುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕಾರಣ ಎರಡು. ಪೂರ್ತಿ ಚಾರ್ಜ್ ಆದ ಸೆಲ್ 4.2 ವೋಲ್ಟ್‌ನಲ್ಲಿ ಇರುತ್ತದೆ. ಆ ಒತ್ತಡಕ್ಕೆ ಬೇಸಿಗೆಯ ಬಿಸಿ ಸೇರಿದರೆ ಒಳಗಿನ ದ್ರವ ಬಳಸದಿದ್ದರೂ ನಿಧಾನವಾಗಿ ಒಡೆಯುತ್ತದೆ. ಇನ್ನೊಂದು ಇದರ ಉಲ್ಟಾ. ಖಾಲಿಯಾದದ್ದನ್ನು ಹಾಗೇ ಇಟ್ಟರೆ ಚಾರ್ಜ್ ಇನ್ನೂ ಇಳಿಯುತ್ತಾ ಹೋಗುತ್ತದೆ. ಸುಮಾರು 2.5 ವೋಲ್ಟ್‌ಗಿಂತ ತೀರಾ ಕೆಳಗೆ ಹೋದರೆ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಕಡೆ ಕೂತು ಒಳಗೇ ಶಾರ್ಟ್ ಮಾಡಬಹುದು. ಹಾಗಾಗಿ ಎತ್ತಿಡುವುದಾದರೆ ಅರ್ಧ ಚಾರ್ಜ್‌ನಲ್ಲಿ, ತಂಪಾದ ಜಾಗದಲ್ಲಿ, ಕಣ್ಣಿಗೆ ಬೀಳುವ ಹಾಗೆ ಇಡಿ. ಮೂರು ತಿಂಗಳಿಗೊಮ್ಮೆ ನೋಡಿ, ಇಳಿದಿದ್ದರೆ ಮತ್ತೆ ಅರ್ಧ ತುಂಬಿ.

ರಾತ್ರಿ ಪೂರ್ತಿ ಚಾರ್ಜ್‌ಗೆ ಹಾಕಿದ್ರೆ ತಾನೇ ನಿಲ್ಲುತ್ತಲ್ವಾ?

ಬೋರ್ಡ್ ಸರಿ ಇದ್ದರೆ ನಿಲ್ಲುತ್ತದೆ. ಆ ಬೋರ್ಡ್ ಮೇಲೆ ನಿಮ್ಮ ನಿದ್ದೆಯ ಭಾರ ಹಾಕಬೇಡಿ ಅನ್ನುವುದು ನನ್ನ ಮಾತು. ಹಗಲು ಹೊತ್ತಿನಲ್ಲಿ, ಎಚ್ಚರ ಇದ್ದಾಗ, ಕಡಪ ಕಲ್ಲು ಅಥವಾ ಟೈಲ್ಸ್ ಮೇಲೆ ಇಟ್ಟು ಚಾರ್ಜ್ ಮಾಡಿ. ದಿಂಬಿನ ಕೆಳಗೆ, ರಗ್ಗಿನೊಳಗೆ ಬೇಡ. ಹೆಚ್ಚಿನ ತಯಾರಕರು ಚಾರ್ಜ್ ಮಾಡಲು ಹೇಳುವ ಗರಿಷ್ಠ ತಾಪ 45 ಡಿಗ್ರಿ. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿಯ ಶೀಟಿನ ಮನೆಯೊಳಗೆ ಮಧ್ಯಾಹ್ನ ಆ ಅಂಕಿಗೆ ಹತ್ತಿರವೇ ಇರುತ್ತದೆ, ಬೆಳಗ್ಗೆ ಬೇಗ ಚಾರ್ಜ್ ಮಾಡುವುದು ಒಳ್ಳೆಯದು. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿ ದಾಟುತ್ತದೆ. ಅಲ್ಲಿ ಬಿಟ್ಟು ಹೋಗಲೇಬಾರದು.

ವಿಮಾನದಲ್ಲಿ ಎಷ್ಟು ದೊಡ್ಡದು ಒಯ್ಯಬಹುದು? ಲಗೇಜ್‌ಗೆ ಯಾಕೆ ಹಾಕಬಾರದು?

ಲೆಕ್ಕ ವ್ಯಾಟ್ ಅವರ್‌ನಲ್ಲಿ, ಅಂದರೆ ಒಳಗೆ ತುಂಬುವ ಶಕ್ತಿಯ ಅಳತೆಯಲ್ಲಿ. ಎಂಎಎಚ್ ಅನ್ನು 1000ದಿಂದ ಭಾಗಿಸಿ 3.7ರಿಂದ ಗುಣಿಸಿ. 10000ಕ್ಕೆ 37, 20000ಕ್ಕೆ 74, 27000ಕ್ಕೆ 99.9 ವ್ಯಾಟ್ ಅವರ್. 100ರವರೆಗೆ ಕೈಚೀಲದಲ್ಲಿ ಒಯ್ಯಬಹುದು. 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಅದಕ್ಕಿಂತ ದೊಡ್ಡದಕ್ಕೆ ಅವಕಾಶ ಇಲ್ಲ. ಅಂಕಿ ಅಳಿಸಿಹೋಗಿದ್ದರೆ ಭದ್ರತೆಯವರು ತೆಗೆದಿಟ್ಟುಕೊಳ್ಳಬಹುದು. ಕೆಳಗಿನ ಲಗೇಜ್ ಕೋಣೆಯಲ್ಲಿ ಹೊತ್ತಿದರೆ ಯಾರ ಕೈಗೂ ಸಿಗುವುದಿಲ್ಲ, ಅದಕ್ಕೇ ಅಲ್ಲಿ ನಿಷೇಧ.

2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೆ ನಿಲ್ದಾಣದಲ್ಲಿ ಹೊರಡಲು ನಿಂತಿದ್ದ ಏರ್ ಬುಸಾನ್ ವಿಮಾನದಲ್ಲಿ ಬೆಂಕಿ ಹುಟ್ಟಿತು. ಶುರುವಾಗಿದ್ದು ತಲೆಯ ಮೇಲಿನ ಗೂಡಿನಲ್ಲಿ. ಒಳಗಿದ್ದ 176 ಜನರೂ ಪಾರಾದರು, ವಿಮಾನ ಉಳಿಯಲಿಲ್ಲ. ಕಾರಣ ಪವರ್ ಬ್ಯಾಂಕ್ ಇರಬಹುದು ಅಂತ ತನಿಖೆ ಹೇಳಿತು. ಆ ಮಾರ್ಚ್‌ನಿಂದ ಅಲ್ಲಿ ಮೇಲಿನ ಗೂಡಿನಲ್ಲಿ ಪವರ್ ಬ್ಯಾಂಕ್ ಇಡುವಂತಿಲ್ಲ. ದುಬೈ ದಾರಿಯಲ್ಲಿ ಹೋಗುವವರು ಗಮನಿಸಿ, ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ವಿಮಾನದೊಳಗೆ ಪವರ್ ಬ್ಯಾಂಕ್ ಬಳಸುವುದನ್ನೇ ನಿಲ್ಲಿಸಿದೆ. ಉಬ್ಬಿದ್ದನ್ನು ಯಾವ ವಿಮಾನಕ್ಕೂ ಒಯ್ಯಬೇಡಿ.

ಬರೀ ಸೆಲ್ ಬದಲಾಯಿಸಿ ಕೊಡಿ, ಬೋರ್ಡ್ ಚೆನ್ನಾಗಿದೆಯಲ್ಲ?

ನಾನು ಮಾಡಿಕೊಡುವುದಿಲ್ಲ. ಉಬ್ಬಿದ ಸೆಲ್ ಕವಚಕ್ಕೆ ಗೋಂದಿನಿಂದ ಅಂಟಿರುತ್ತದೆ, ಮೀಟಿ ತೆಗೆಯುವಾಗಲೇ ಚೀಲ ಹರಿಯಬಹುದು. ಸೆಲ್ ಉಬ್ಬಲು ಬೋರ್ಡೇ ಕಾರಣ ಆಗಿದ್ದರೆ ಹೊಸ ಸೆಲ್‌ಗೂ ಅದೇ ಗತಿ. ಬಿಡಿಯಾಗಿ ಸಿಗುವ ಸೆಲ್‌ಗಳಲ್ಲಿ ಹಳೆಯದಕ್ಕೆ ಹೊಸ ಸುತ್ತು ಹಾಕಿದವೂ ಇರುತ್ತವೆ. ಗಿರಾಕಿ ಕೈತಪ್ಪಿದರೂ ಸರಿ, ಇದಕ್ಕೆ ಒಪ್ಪಲು ನನ್ನ ಮನಸ್ಸು ಬರುವುದಿಲ್ಲ.

ಕರೆಂಟ್ ಹೋದಾಗ ವೈಫೈಗೆ ಮಿನಿ ಯುಪಿಎಸ್ ಇಟ್ಟಿದ್ದೇವೆ. ಅದೂ ಉಬ್ಬುತ್ತಾ?

ಅವುಗಳಲ್ಲಿ ಹೆಚ್ಚಾಗಿ ಇರುವುದು 18650 ಅನ್ನುವ ದುಂಡು ಸೆಲ್. 18 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದ. ಕೆಲವು ಪವರ್ ಬ್ಯಾಂಕ್‌ಗಳಲ್ಲೂ ಇದೇ ಇರುತ್ತದೆ. ಗಟ್ಟಿ ಉಕ್ಕಿನ ಕವಚ, ಹಾಗಾಗಿ ಉಬ್ಬು ಕಾಣುವುದಿಲ್ಲ. ಒತ್ತಡ ಜಾಸ್ತಿಯಾದರೆ ತಲೆಯ ಬಳಿಯ ಕಿಂಡಿ ತೆರೆದುಕೊಂಡು ಅನಿಲ ಹೊರಬರುತ್ತದೆ. ಉಬ್ಬಿಲ್ಲ ಅಂದ ಮಾತ್ರಕ್ಕೆ ಸುರಕ್ಷಿತ ಅಂದುಕೊಳ್ಳಬೇಡಿ. ಮೊದಲಿಗಿಂತ ಬೇಗ ಖಾಲಿಯಾಗುವುದು, ಹೆಚ್ಚು ಬಿಸಿಯಾಗುವುದು, ಘಾಟು, ಸಿಳ್ಳು ಇವನ್ನು ಗಮನಿಸಿ. ವರ್ಷವಿಡೀ ಪ್ಲಗ್‌ನಲ್ಲೇ ಇರುವ ವಸ್ತು ಇದು. ಟಿವಿ ಹಿಂದೆ, ಪರದೆಯ ಪಕ್ಕ ತುರುಕದೆ ಗಾಳಿ ಆಡುವ ಕಡೆ ಇಡಿ.

ಬೆಂಕಿ ಹೊತ್ತದ ಬ್ಯಾಟರಿಯ ಪವರ್ ಬ್ಯಾಂಕ್ ಬಂದಿದೆಯಂತೆ?

ನೀವು ಕೇಳಿರುವುದು ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಬಗ್ಗೆ ಇರಬೇಕು. ಅದು ಹೆಚ್ಚು ಬಿಸಿ ತಡೆಯುತ್ತದೆ, ಬೇಗ ಕೈಮೀರುವುದಿಲ್ಲ, ಜಾಸ್ತಿ ವರ್ಷ ಬಾಳುತ್ತದೆ. ಆದರೆ ಅಷ್ಟೇ ಶಕ್ತಿಗೆ ಗಾತ್ರ, ತೂಕ ಎರಡೂ ಹೆಚ್ಚು. ಅದೂ ಉಬ್ಬಬಹುದು, ಅದರಿಂದಲೂ ಉರಿಯುವ ಅನಿಲ ಬರಬಹುದು. ಭಾರ ಹೊರಲು ತೊಂದರೆ ಇಲ್ಲದವರಿಗೆ, ಮನೆಯಲ್ಲೇ ಇಟ್ಟು ಬಳಸುವವರಿಗೆ ನಾನು ಅದನ್ನೇ ಹೇಳುತ್ತೇನೆ. ಲೇಬಲ್ ಮೇಲೆ ಸೆಲ್‌ನ ವೋಲ್ಟೇಜ್ 3.7ರ ಬದಲು 3.2 ಅಂತ ಇದ್ದರೆ ಅದು ಈ ಬಗೆಯದು.